ಅರ್ಧ ಗ್ರಾಂ

ಮಾರ್ಚ್ 4, ಸೋಮವಾರ

ಮಗಳು ಈ ಪುಸ್ತಕ ತಂದು ಕೈಗಿಟ್ಟಳು. "ಅಮ್ಮಾ, ನಮ್ಮ ಮೇಲೆ ಕೂಗಾಡೋ ಬದಲು ಇದರೊಳಗೆ ಕೂಗಾಡು. ಅಕ್ಕಪಕ್ಕದವರೂ ಬದುಕಿಕೊಳ್ತಾರೆ." ಒಳ್ಳೆಯದು, ಕೂಗುತ್ತೇನೆ. ಇದನ್ನು ಯಾರೂ ಓದಬಾರದು. ಓದಿದ್ದು ಗೊತ್ತಾದರೆ ಕೈ ಮುರಿಯುತ್ತೇನೆ.

ಇವತ್ತು ಮ್ಯಾನೇಜರ್ ಬಣ್ಣದ ಕೋಣೆಗೆ ಬಂದು, ಎಲ್ಲರ ಎದುರಿಗೆ, ನನ್ನ ಕಣ್ಣು ಸರಿಯಿಲ್ಲ ಎಂದರು. ನನ್ನ ಕಣ್ಣು! ಗಿರಾಕಿ ಒಂದು ಅಂಗೈಯಗಲದ ಬಟ್ಟೆ ಕಳಿಸಿ 'ಇದೇ ಬಣ್ಣ ಬೇಕು' ಎಂದರೆ, ಯಾವ ಪುಡಿ ಎಷ್ಟು ಗ್ರಾಂ ಸೇರಬೇಕೆಂದು ಹೇಳುವವಳು ನಾನು. ಮಾದರಿ ತೊಟ್ಟಿಯಿಂದ ಬಟ್ಟೆ ಹೊರಬಂದ ಮೇಲೆ ಅದನ್ನು ದೀಪದ ಪೆಟ್ಟಿಗೆಯಲ್ಲಿಟ್ಟು ನೋಡಿ ಸಹಿ ಹಾಕುವವಳೂ ನಾನೇ. ನನ್ನ ಸಹಿ ಬೀಳದೆ ಈ ಗಿರಣಿಯಿಂದ ಒಂದು ಕರವಸ್ತ್ರವೂ ಹೊರಗೆ ಹೋಗಿಲ್ಲ. ಅಂಥವಳಿಗೆ ಕಣ್ಣಿಲ್ಲವಂತೆ.

ಆದದ್ದಿಷ್ಟು. ಒದ್ದೆ ಮರಳಿನ ಬಣ್ಣ ಬೇಕಿತ್ತು. ಹಳದಿ ನಾಲ್ಕು ಗ್ರಾಂ, ನೀಲಿ ಒಂದು, ಕೆಂಪು ಅರ್ಧ. ನಾನು ಮೊದಲು ಲೋಟದಲ್ಲಿ ಕೈಯಾರೆ ಕಲಸಿ, ಚಿಂದಿ ಅದ್ದಿ ನೋಡಿದ್ದೆ. ಗಿರಾಕಿಯ ತುಂಡಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ಅವರಪ್ಪನಿಗೂ ತಿಳಿಯುತ್ತಿರಲಿಲ್ಲ. ಅದೇ ಲೆಕ್ಕವನ್ನು ಜನವರಿಯಲ್ಲಿ ಬಂದ, ಆಗಾಗ ಕೈಕೊಡುವ ಹೊಸ ಯಂತ್ರಕ್ಕೆ ಕೊಟ್ಟೆ. ಯಂತ್ರ ಮುಚ್ಚಿದ ಕೊಳವೆಗಳಲ್ಲೇ ಪುಡಿ ಸುರಿದುಕೊಂಡು ಬಣ್ಣ ಹಾಕಿತು. ಹೊರಗೆ ಬಂದದ್ದು ಪಾಚಿ. ಅಪ್ಪಟ ಪಾಚಿ. ಕೆಂಪು ಅದರ ಹತ್ತಿರವೂ ಸುಳಿದಿರಲಿಲ್ಲ.

ನಾನು ಯಂತ್ರ ಕೆಟ್ಟಿದೆ ಎಂದೆ. ಪ್ರೋಗ್ರಾಂ ನೋಡಿಕೊಳ್ಳುವವನು ಕೂಡಲೇ ಯಂತ್ರದ ಚೀಟಿ ಹರಿದು ತಂದ. ಅದರಲ್ಲಿ ಹಳದಿ 4, ನೀಲಿ 1, ಕೆಂಪು 0.5 ಎಂದು ಅಚ್ಚಾಗಿತ್ತು. "ನೀವು ಹೇಳಿದ್ದೇ ಹಾಕಿದೆ ಮೇಡಂ." ಈ ಮನುಷ್ಯನಿಗೆ ಬೇರೆ ಮಾತೇ ಬರುವುದಿಲ್ಲ. ಬೆಂಕಿ ಬಿದ್ದರೂ ಚೀಟಿ ಹಿಡಿದುಕೊಂಡೇ ಬರುತ್ತಾನೆ. ಇವತ್ತಿನಿಂದ ಅವನ ಹೆಸರು ಚೀಟಿಸಾಹೇಬ.

ಮಾರ್ಚ್ 6, ಬುಧವಾರ

ಇವತ್ತು ಬೂದು ನೇರಳೆ. ನೀಲಿ ಮೂರೂವರೆ ಗ್ರಾಂ ಹೇಳಿದ್ದೆ. ಬಂದದ್ದು ಮಸಿ. ಮೊನ್ನೆ ಕಡಿಮೆ, ಇವತ್ತು ಜಾಸ್ತಿ.

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದರು: "ನೋಡಿ, ಯಂತ್ರ ತಪ್ಪಿದ್ರೆ ಒಂದೇ ಕಡೆ ತಪ್ಪುತ್ತೆ. ಯಾವಾಗಲೂ ಕಡಿಮೆ, ಇಲ್ಲಾ ಯಾವಾಗಲೂ ಜಾಸ್ತಿ. ಒಂದು ಸಲ ಹಾಗೆ, ಒಂದು ಸಲ ಹೀಗೆ ಅಂದ್ರೆ ಅದು ಮನುಷ್ಯರ ಕೆಲಸ."

"ಹಾಗಾದ್ರೆ ನಾನು ಕೈಯಲ್ಲಿ ಕಲಸಿದ್ದು ಹೇಗೆ ಸರಿ ಬಂತು?"

"ಕೈಯಲ್ಲಿ ಕಲಸುವಾಗ ನೀವು ಕಣ್ಣಳತೆಗೆ ಸ್ವಲ್ಪ ಹೆಚ್ಚುಕಮ್ಮಿ ಹಾಕ್ತೀರಿ. ನಿಮ್ಮ ಕಣ್ಣಿಗೆ ತಕ್ಕ ಹಾಗೆ ಬರುತ್ತೆ. ಬರದೆ ಇನ್ನೇನು?"

ಮೈಯೆಲ್ಲ ಉರಿದುಹೋಯಿತು. ಅರ್ಧ ಗ್ರಾಂ ಪುಡಿಯನ್ನು ತಕ್ಕಡಿಯಿಲ್ಲದೆ ಬೆರಳ ತುದಿಯಲ್ಲಿ ಎತ್ತಿ ತೋರಿಸಬಲ್ಲವಳು ನಾನು. ಈ ಮಹಾನುಭಾವರಿಗೆ ತಮ್ಮ ಟೈ ಅಂಗಿಗೆ ಹೊಂದುವುದಿಲ್ಲ ಎನ್ನುವುದೂ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೂ ಬಂದೆ. ಹೇಳಬಾರದಿತ್ತೇನೋ. ಹೇಳಿದ್ದಕ್ಕೆ ಹೊಟ್ಟೆ ತಣ್ಣಗಾಯಿತು.

ಮನೆಯಲ್ಲಿ ಯಜಮಾನರಿಗೆ ಹೇಳಿದರೆ, "ಸ್ವಲ್ಪ ಸಮಾಧಾನ ತಗೋ" ಎಂದರು. ಸಮಾಧಾನ ಎಲ್ಲಿ ಸಿಗುತ್ತದೆಂದು ಕೇಳಿದೆ. ಪೇಪರ್ ಎತ್ತಿಕೊಂಡು ಮುಖ ಮುಚ್ಚಿಕೊಂಡರು.

ಮಾರ್ಚ್ 7, ಗುರುವಾರ

ಯಂತ್ರವನ್ನು ತೂಕ ಹಾಕಿ ನೋಡಲೇಬೇಕೆಂದು ಪಟ್ಟು ಹಿಡಿದೆ. ಕೊಳವೆಯ ಸೀಲ್ ಒಡೆದರೆ ಗ್ಯಾರಂಟಿ ಹೋಗುತ್ತದೆಂದು ಹೇಳಿ, ಮಾರಿದ ಕಂಪನಿಯವರನ್ನೇ ಕರೆಸಿದರು. ಅವರು ಐದು ಗ್ರಾಂ ಕೇಳಿದರು, ಐದು ಬಂತು. ಹತ್ತು ಕೇಳಿದರು, ಹತ್ತು. ಇಪ್ಪತ್ತು ಕೇಳಿದರು, ಕೂದಲಿನಷ್ಟೂ ಆಚೀಚೆ ಇಲ್ಲ. ಯಂತ್ರ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಯಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಚೀಟಿಸಾಹೇಬ ಚೀಟಿಗಳನ್ನು ಜೋಡಿಸಿ ಪಿನ್ನು ಹೊಡೆದ. ಆ ಪಿನ್ನಿನ ಸದ್ದಿಗೆ ಅವನ ಕೆನ್ನೆಗೆ ಎರಡು ಬಾರಿಸೋಣ ಎನ್ನಿಸಿತು.

ಮಾರ್ಚ್ 12, ಮಂಗಳವಾರ

ಸಹಿ ಕಿತ್ತುಕೊಂಡರು.

"ಸದ್ಯಕ್ಕೆ" ಎಂದರು ಮ್ಯಾನೇಜರ್. ಸದ್ಯಕ್ಕೆ ಲೆಕ್ಕ ಕೊಡುವುದೂ ಸಹಿ ಹಾಕುವುದೂ ಹೂಂರಾಣಿ. ನನ್ನ ಜೊತೆ ಕೆಲಸಕ್ಕಿರುವ ಈ ಹೆಂಗಸಿಗೆ ಆ ಹೆಸರು ನಾನೇ ಇಟ್ಟದ್ದು. ಮಳೆ ಬರುತ್ತಿದೆ ಎಂದರೆ ಹೂಂ ಎನ್ನುತ್ತಾಳೆ, ಬಿಸಿಲು ಎಂದರೂ ಹೂಂ. ಎರಡು ಮಕ್ಕಳ ತಾಯಿ, ಒಳ್ಳೆಯವಳು, ಆದರೆ ಒಂದು ಸಲವೂ ತಾನಾಗಿ ಒಂದು ಬಣ್ಣವನ್ನು ಸರಿ ಅಥವಾ ತಪ್ಪು ಎಂದವಳಲ್ಲ. ಮ್ಯಾನೇಜರ್ "ನೀವು ನೋಡ್ಕೊಳ್ತೀರಾ?" ಎಂದರು. ನನ್ನ ಮುಖ ನೋಡಿ, ನೆಲ ನೋಡಿ, ಹೂಂ ಎಂದಳು.

ನಾನಿನ್ನು ಚಿಂದಿ ಕತ್ತರಿಸಿ ಅಂಟಿಸಬೇಕು. ಕತ್ತರಿಸಿದೆ. ಎಷ್ಟು ಜೋರಾಗಿ ಕತ್ತರಿಸಿದೆನೆಂದರೆ ಕತ್ತರಿಯ ತಿರುಪು ಸಡಿಲವಾಯಿತು.

ಮಾರ್ಚ್ 15, ಶುಕ್ರವಾರ

ಹೂಂರಾಣಿಯ ಬಣ್ಣಗಳು ಸರಿ ಬರುತ್ತಿವೆ.

ಬರೆಯುವಾಗ ಪೆನ್ನು ಕಚ್ಚಿಕೊಳ್ಳುತ್ತಿದ್ದೇನೆ. ಮೂರು ಬಣ್ಣ ಕೊಟ್ಟಳು, ಮೂರೂ ಹೇಳಿದ ಹಾಗೇ ಬಂದವು. ನನ್ನ ಹಾಗೆ ಅಂಚಿಗೆ ಅಂಚು ಕೂಡುವ ಬಣ್ಣವಲ್ಲ, ಗಿರಾಕಿಯ ತುಂಡಿಗೆ ಒಂದು ಗೇಣು ದೂರದ್ದು. ಆದರೂ ಅವಳು ಲೋಟದಲ್ಲಿ ಕಲಸಿದ್ದೂ ಯಂತ್ರ ಕೊಟ್ಟದ್ದೂ ಒಂದೇ. ಗಿರಾಕಿ ಪರವಾಗಿಲ್ಲ ಎಂದನಂತೆ.

"ಅದು ಹೇಗೆ ಲೆಕ್ಕ ಹಾಕ್ತೀಯ?" ಎಂದು ಕೇಳಿದೆ.

"ನನಗೆ ಅರ್ಧ ಗಿರ್ಧ ಗೊತ್ತಾಗಲ್ಲ ಮೇಡಂ. ಎರಡೋ ಮೂರೋ ಪೂರ್ತಿ ಹಾಕಿಬಿಡ್ತೀನಿ."

ಈ ಒಡ್ಡೊಡ್ಡು ಕೆಲಸಕ್ಕೆ ಸಹಿ! ನಾನು ಅರ್ಧ ಗ್ರಾಂಗೆ ತಲೆ ಕೆಡಿಸಿಕೊಂಡು ಕೂತವಳು ಮೂಲೆಗೆ, ಎರಡೋ ಮೂರೋ ಎನ್ನುವವಳು ಮೇಜಿಗೆ.

ಮಾರ್ಚ್ 21, ಗುರುವಾರ

ತರಕಾರಿ ಅಂಗಡಿಯಲ್ಲಿ ಟೊಮೇಟೊ ಆರಿಸುತ್ತಿದ್ದೆ. ಹಣ್ಣಾಗಿದೆಯೋ ಇಲ್ಲವೋ ಎಂದು ಅಂಗಡಿಯವನನ್ನೇ ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಕೆಂಪಗೆ ಕಾಣ್ತಿಲ್ವಾ ಅಮ್ಮಾ?" ಎಂದ. ಎಲ್ಲರಿಗೂ ನಾಲಿಗೆ ಉದ್ದ. ಅವನ ಟೊಮೇಟೊ ಅವನ ಹತ್ತಿರವೇ ಇರಲಿ ಎಂದು ಬಿಟ್ಟು ಬಂದೆ.

ಮ್ಯಾನೇಜರ್ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು ಎಂದಿದ್ದಾರೆ. ಹೋಗುವುದಿಲ್ಲ ಎಂದೆ. ಮಗಳು, "ಹೋಗಿ ಬಾ, ಏನೂ ಇಲ್ಲ ಅಂತ ಬರೆಸಿಕೊಂಡು ಬಂದು ಅವರ ಮುಖಕ್ಕೆ ಹಿಡಿ" ಎಂದಳು. ಅದು ಸರಿ. ಮುಖಕ್ಕೆ ಹಿಡಿಯಲಿಕ್ಕಾದರೂ ಹೋಗಬೇಕು.

ಮಾರ್ಚ್ 25, ಸೋಮವಾರ

ಡಾಕ್ಟರು ಬಣ್ಣದ ಚುಕ್ಕಿಗಳೊಳಗೆ ಅಂಕಿ ಅಡಗಿಸಿದ ಪುಸ್ತಕ ತೋರಿಸಿದರು. ಎಲ್ಲ ಅಂಕಿಗಳನ್ನೂ ಹೇಳಿದೆ. ಪ್ರತಿಯೊಂದನ್ನೂ ಹೇಳಿದ ಮೇಲೆ "ಸರಿ ತಾನೇ?" ಎಂದು ಕೇಳುತ್ತಿದ್ದೆನಂತೆ. "ನೀವು ಪರೀಕ್ಷೆ ಬರೀತಿಲ್ಲ ಕಣ್ರೀ, ಕಾಣಿಸಿದ್ದು ಹೇಳಿ ಸಾಕು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬಣ್ಣಕ್ಕೆ ತೊಂದರೆ ಏನೂ ಇಲ್ಲ, ಹತ್ತಿರದ್ದು ಓದಲು ಸ್ವಲ್ಪ ಪವರ್ ಬೇಕು, ವಯಸ್ಸಿಗೆ ಎಲ್ಲರಿಗೂ ಬರುವುದೇ ಎಂದರು. ಕನ್ನಡಕ ಬರೆದುಕೊಟ್ಟರು. ಮ್ಯಾನೇಜರಿಗೆ ಹೇಳಿದಾಗ ಅವರ ಕಿವಿಗೆ ಬಿದ್ದದ್ದು 'ಪವರ್' ಒಂದೇ. "ನೋಡಿ, ನಾನು ಹೇಳಿರಲಿಲ್ವಾ?" ಎಂದರು. ತೊಂದರೆ ಏನೂ ಇಲ್ಲ ಅಂದಿದ್ದಾರೆ ಎಂದೆ. "ಹೌದು ಹೌದು, ಕನ್ನಡಕ ಹಾಕಿದ್ರೆ ಏನೂ ಇಲ್ಲ."

ಇವರ ಜೊತೆ ಮಾತಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು.

ಮಾರ್ಚ್ 27, ಬುಧವಾರ

ಇವತ್ತು ಬೆಳಿಗ್ಗೆ ಮ್ಯಾನೇಜರೇ ಬಂದು, "ಹೊಸ ಕನ್ನಡಕದಲ್ಲಿ ಒಂದು ಸಲ ನೋಡೋಣ, ನೀವೇ ಲೆಕ್ಕ ಕೊಡಿ" ಎಂದರು. ಅದೇ ಒದ್ದೆ ಮರಳು. ಹಳದಿ ನಾಲ್ಕು, ನೀಲಿ ಒಂದು, ಕೆಂಪು ಅರ್ಧ. ಹಳೆಯ ಲೆಕ್ಕವೇ ಕಣ್ಣಿಗೆ ಸರಿ ಕಂಡಿತು, ಅದನ್ನೇ ಕೊಟ್ಟೆ.

ಸರಿ ಬಂತು. ಅಂಚಿಗೆ ಅಂಚು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಕ ಕೆಲಸ ಮಾಡಿತು ಎಂದರು. ನಾನೂ ತಟ್ಟಿದೆ. ಲೆಕ್ಕ ಹಳೆಯದೇ ಅಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ಆವತ್ತು ಯಂತ್ರಕ್ಕೆ ಒತ್ತುವಾಗ ಅಂಕಿಯನ್ನೂ, ಆಮೇಲೆ ಚೀಟಿಯನ್ನೂ ತಪ್ಪು ಓದಿದ್ದೆನೇನೋ. ಹತ್ತಿರದ್ದೇ ಕಾಣುವುದಿಲ್ಲ ಎಂದಿದ್ದಾರಲ್ಲ. ಇಷ್ಟು ದಿನ ಊರಿಗೆಲ್ಲ ಕೇಳುವ ಹಾಗೆ ಕೂಗಿದೆನಲ್ಲ, ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

ಏಪ್ರಿಲ್ 1, ಸೋಮವಾರ

ಸಹಿ ಅರ್ಧ ವಾಪಸ್ ಬಂದಿದೆ. ನಾನು ಹಾಕಬೇಕು, ಅದರ ಕೆಳಗೆ ಹೂಂರಾಣಿ ಹಾಕಬೇಕು. ಇರಲಿ. ಸಾಕು.

ಎಲ್ಲರ ಹತ್ತಿರವೂ ಕ್ಷಮೆ ಕೇಳಿಬಿಡೋಣ ಎಂದು ತೀರ್ಮಾನಿಸಿದೆ. ಮ್ಯಾನೇಜರ ಟೈ ಚೆನ್ನಾಗಿದೆ ಎಂದೆ. ಹೂಂರಾಣಿಗೆ ಹೇಳಿದರೆ ಅವಳು ಅಳುವುದಕ್ಕೇ ಶುರುಮಾಡಿದಳು. ಕಡೆಗೆ ಚೀಟಿಸಾಹೇಬನ ಮೇಜಿಗೆ ಹೋಗಿ, "ತಪ್ಪು ನಂದೇ ಇತ್ತಪ್ಪ. ನಿನ್ನ ಮೇಲೆ, ನಿನ್ನ ಯಂತ್ರದ ಮೇಲೆ ಸುಮ್ಮನೆ ಹಾರಾಡಿದೆ. ಮನಸ್ಸಿನಲ್ಲಿ ಇಟ್ಟುಕೋಬೇಡ" ಎಂದೆ. ಅವನು ಎದ್ದು ನಿಂತ. ಮುಖ ಸುಣ್ಣದ ಹಾಗಾಗಿತ್ತು. ಚೀಟಿಗೂ ಕೈ ಹಾಕಲಿಲ್ಲ.

ಅವನಿಗೆ ಇನ್ನೂ ಕೋಪ ಹೋಗಿಲ್ಲ ಎಂದು ಕಾಣುತ್ತದೆ. ಹೋಗುವುದಾದರೂ ಹೇಗೆ, ಅಂಥ ಮಾತಾಡಿದ್ದೇನೆ.

ಏಪ್ರಿಲ್ 4, ಗುರುವಾರ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಧ್ಯಾಹ್ನ ಚೀಟಿಸಾಹೇಬ ಬಣ್ಣದ ಕೋಣೆಗೆ ಬಂದು ಬಾಗಿಲು ಹಾಕಿದ. "ಮೇಡಂ, ನೀವು ಆವತ್ತು ಕ್ಷಮೆ ಕೇಳಿದ ಮೇಲೆ ನನಗೆ ಊಟ ಇಳೀತಿಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ತಪ್ಪು ಪ್ರೋಗ್ರಾಂದು" ಎಂದ.

ನಾನು ಕೂತೆ. ಅವನು ನಿಂತೇ ಹೇಳಿದ. ನೆನಪಿರುವಷ್ಟನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

"ಪ್ರೋಗ್ರಾಂ ಒಳಗೆ ಪ್ರೊಸೀಜರ್ ಅಂತ ಇರುತ್ತೆ. ಒಂದು ಕೆಲಸ ವಹಿಸಿಕೊಂಡವನು ಅಂತ ಇಟ್ಕೊಳ್ಳಿ. ನೀವು ಕೊಟ್ಟ ಲೆಕ್ಕ ತಗೊಂಡು, ಈ ತೊಟ್ಟಿಗೆ ಎಷ್ಟು ಗ್ರಾಂ ಅಂತ ಕಂಡುಹಿಡಿದು ಉತ್ತರ ವಾಪಸ್ ಕೊಡೋದು ಅವನ ಕೆಲಸ. ಅವನನ್ನ ಬರೆಯುವಾಗ ಮೊದಲನೇ ಸಾಲಲ್ಲೇ ಹೇಳಿರಬೇಕು, ಇವನು ವಾಪಸ್ ಕೊಡೋದು ಯಾವ ಥರದ್ದು ಅಂತ. ಅಕ್ಷರವಾ, ಪೂರ್ಣ ಸಂಖ್ಯೆಯಾ, ದಶಾಂಶವಾ ಅಂತ. ಹಳೇ ಯಂತ್ರದಲ್ಲಿ ಅರ್ಧ ಗ್ರಾಂ ಇರಲೇ ಇಲ್ಲ. ಅದಕ್ಕೆ ಆಗ ಬರೆದವರು ಪೂರ್ಣ ಸಂಖ್ಯೆ ಅಂತ ಬರೆದಿದ್ರು. ಹೊಸ ಯಂತ್ರ ಬಂದಾಗ ಒಳಗಿನ ಲೆಕ್ಕ ಎಲ್ಲ ನಾವು ಬದಲಾಯಿಸಿದ್ವಿ. ಮೊದಲನೇ ಸಾಲನ್ನ ಯಾರೂ ಮುಟ್ಟಲಿಲ್ಲ."

"ಅದರಿಂದ ಏನಾಯ್ತು?"

"ಒಳಗೆ ಎರಡೂವರೆ ಅಂತಲೇ ಬರುತ್ತೆ. ಸರಿಯಾಗೇ ಇರುತ್ತೆ. ವಾಪಸ್ ಕೊಡೋ ಕ್ಷಣಕ್ಕೆ, ಮೊದಲನೇ ಸಾಲಲ್ಲಿ ಪೂರ್ಣ ಸಂಖ್ಯೆ ಅಂತ ಇದೆಯಲ್ಲ, ಪ್ರೋಗ್ರಾಂ ಬರೆಯೋ ಭಾಷೆ ತಾನಾಗೇ ಅದನ್ನ ಪೂರ್ಣ ಮಾಡಿಬಿಡುತ್ತೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಲ್ಲ."

"ಒಂದು ಗಂಟೆ ಬಾರಿಸೋದು, ಒಂದು ಕೆಂಪು ದೀಪ, ಏನೂ ಇಲ್ವಾ?"

"ಇಲ್ಲ ಮೇಡಂ. ಕೆಲವು ಭಾಷೆಗಳು ಜಗಳಕ್ಕೆ ನಿಲ್ತವೆ. ಇದು ಪೂರ್ಣ ಸಂಖ್ಯೆ ಅಲ್ಲ, ನಾನು ಮುಂದೆ ಹೋಗಲ್ಲ ಅಂತ ಕೂತುಬಿಡ್ತವೆ. ನಮ್ಮದು ಸಾಧು ಭಾಷೆ. ತಾನೇನೋ ಸಹಾಯ ಮಾಡ್ತಿದ್ದೀನಿ ಅಂದ್ಕೊಳ್ಳುತ್ತೆ."

ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದಂತೆ. ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ, ಅರ್ಧ ಸೊನ್ನೆಯಾಗುತ್ತದೆ. ಸಾವಿರ ಲೆಕ್ಕ ಕೂಡಿದಾಗ ತಪ್ಪು ಒಂದೇ ಕಡೆ ವಾಲಬಾರದೆಂದು ಯಾರೋ ಬುದ್ಧಿವಂತರು ಹಾಗೆ ಮಾಡಿಟ್ಟಿದ್ದಾರಂತೆ. ಅವರ ಬುದ್ಧಿಗೆ ಬೆಂಕಿ ಹಾಕ. ಒಂದು ಸಲ ಕಡಿಮೆ, ಒಂದು ಸಲ ಜಾಸ್ತಿ ಬಂದದ್ದು ಇದರಿಂದ. ಮನುಷ್ಯರ ಕೆಲಸವಂತೆ!

"ಮತ್ತೆ ಚೀಟಿ?" ಎಂದೆ.

ತಲೆ ತಗ್ಗಿಸಿದ. "ಚೀಟಿ ಅಚ್ಚು ಹಾಕೋ ಸಾಲು ಪ್ರೊಸೀಜರ್ ಒಳಗಿದೆ. ವಾಪಸ್ ಕೊಡೋದಕ್ಕೆ ಮುಂಚೆ. ಅದಕ್ಕೆ ಅದರಲ್ಲಿ ಯಾವಾಗಲೂ ಸರಿಯಾಗೇ ಬರ್ತಿತ್ತು."

ಅಂದರೆ ಆ ಚೀಟಿಗೆ ಗೊತ್ತಿದ್ದದ್ದು ಒಳಗಿನ ಲೆಕ್ಕ ಮಾತ್ರ, ತೊಟ್ಟಿಗೆ ಬಿದ್ದದ್ದಲ್ಲ. ಆ ಚೀಟಿಯನ್ನು ಮುಂದಿಟ್ಟುಕೊಂಡು ನನ್ನನ್ನು ಸುಳ್ಳಿ ಮಾಡಿದರು. ಐದು, ಹತ್ತು, ಇಪ್ಪತ್ತು ತೂಗಿದರು. ಒಬ್ಬನಾದರೂ ಅರ್ಧ ತೂಗಿದನೇ? ಹೂಂರಾಣಿ ಅರ್ಧ ಮುಟ್ಟುವುದಿಲ್ಲ, ಆದ್ದರಿಂದ ಅವಳ ಕಣ್ಣು ಸರಿ. ನಾನು ಮುಟ್ಟುತ್ತೇನೆ, ಆದ್ದರಿಂದ ಕುರುಡಿ. ಅವಳ ಲೆಕ್ಕ ಒಂದೂ ತಪ್ಪದಿರುವುದನ್ನು ಕಂಡೇ ಇವನಿಗೆ ಅನುಮಾನ ಬಂದು, ಪ್ರೊಸೀಜರ್ ಹೊರಗೆ ಇನ್ನೊಂದು ಸಾಲು ಬರೆದು ನೋಡಿದನಂತೆ. ಒಳಗೆ ಎರಡೂವರೆ, ಹೊರಗೆ ಎರಡು.

"ಸರಿ ಮಾಡಿದ್ದು ಯಾವಾಗ?"

"ಮಾರ್ಚ್ ಇಪ್ಪತ್ತಾರಕ್ಕೆ. ಮ್ಯಾನೇಜರಿಗೆ ಹೇಳಿದೆ. ಸುಮ್ಮನೆ ಸರಿ ಮಾಡು, ಯಾರಿಗೂ ಹೇಳಬೇಡ ಅಂದ್ರು."

ಇಪ್ಪತ್ತಾರಕ್ಕೆ ಯಂತ್ರ ಸರಿಹೋಗಿದೆ. ಇಪ್ಪತ್ತೇಳಕ್ಕೆ ನನ್ನ ಮೂಗಿನ ಮೇಲೆ ಕನ್ನಡಕ ಇಟ್ಟು ಚಪ್ಪಾಳೆ ತಟ್ಟಿದ್ದಾರೆ. ನಾನೂ ತಟ್ಟಿದೆ. ದೇವರೇ, ನಾನೂ ತಟ್ಟಿದೆ. ಅವರ ಟೈ ಚೆನ್ನಾಗಿದೆ ಎಂದೆ.

ಏಪ್ರಿಲ್ 5, ಶುಕ್ರವಾರ

ಮ್ಯಾನೇಜರ ಕೋಣೆಗೆ ನುಗ್ಗಿ ಗಾಜು ಒಡೆಯುವಂತೆ ಕೂಗಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಬಾಗಿಲು ತಟ್ಟಿದೆ. ಒಳಗೆ ಬರಲೇ ಎಂದು ಕೇಳಿದೆ. ಅವರು ಕೂರಿ ಎಂದ ಮೇಲೆ ಕೂತೆ.

ಅವರು ಅಲ್ಲಗಳೆಯಲಿಲ್ಲ. ಅದೇ ನನಗೆ ಹೆಚ್ಚು ಉರಿಸಿದ್ದು. ಬಲು ಮೃದುವಾಗಿ ಹೇಳಿದರು: "ಗಿರಾಕಿಗೆ ಆಗಲೇ ಹೇಳಿಯಾಗಿತ್ತು, ನಮ್ಮ ಬಣ್ಣದ ಕೋಣೆಯವರಿಗೆ ಕಣ್ಣಿನ ತೊಂದರೆ ಅಂತ. ಅವರೂ ಪಾಪ ಅಂದ್ರು. ಈಗ ಹೋಗಿ ಯಂತ್ರದ ತೊಂದರೆ ಅಂದ್ರೆ ಜನವರಿಯಿಂದ ಕಳಿಸಿದ್ದನ್ನೆಲ್ಲ ಅನುಮಾನದಿಂದ ನೋಡ್ತಾರೆ. ಮನುಷ್ಯರ ಕಣ್ಣನ್ನ ಯಾರಾದ್ರೂ ಕ್ಷಮಿಸ್ತಾರೆ, ಯಂತ್ರವನ್ನ ಯಾರೂ ಕ್ಷಮಿಸಲ್ಲ. ನಿಮಗೇನು ನಷ್ಟ ಆಗಿದೆ ಹೇಳಿ? ಕೆಲಸ ಇದೆ. ಸಹಿ ಇದೆ. ಮಂಗಳವಾರ ಅವರ ಕಡೆಯ ತನಿಖೆಯವರು ಬರ್ತಾರೆ. ಸ್ವಲ್ಪ ನಗುಮುಖ ತೋರಿಸಿ, ಅಷ್ಟೇ."

"ನೋಡೋಣ" ಎಂದೆ.

"ಥ್ಯಾಂಕ್ಸ್. ನೀವು ಒಪ್ಪಿಕೊಳ್ತೀರಿ ಅಂತ ನನಗೆ ಗೊತ್ತಿತ್ತು" ಎಂದು ಕೈಮುಗಿದರು.

ನಾನು ಎಲ್ಲಿ ಒಪ್ಪಿಕೊಂಡೆ? ಒಪ್ಪಿಲ್ಲ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಅವರು ಫೋನ್ ಎತ್ತಿಕೊಂಡಿದ್ದರು. ಹೊರಗೆ ಬಂದೆ. ಮಾರ್ಚ್ ತಿಂಗಳ ನಾನಾಗಿದ್ದರೆ ಆ ಫೋನ್ ಕಿತ್ತು ಕಿಟಕಿಯಾಚೆ ಎಸೆಯುತ್ತಿದ್ದೆ. ವಯಸ್ಸಾಗುತ್ತಿದೆಯೋ ಏನೋ.

ಏಪ್ರಿಲ್ 7, ಭಾನುವಾರ

ಮನೆಯಲ್ಲಿ ಹೇಳಿದೆ. ಮಗಳು ಕುಣಿದಾಡಿದಳು, ಆ ಮ್ಯಾನೇಜರನ್ನು ಹಾಗೆ ಮಾಡಬೇಕು ಹೀಗೆ ಮಾಡಬೇಕು ಎಂದಳು. ಯಜಮಾನರು ಸುಮ್ಮನೆ ಕೇಳಿ, "ಬಿಡು, ಎಲ್ಲ ಸರಿಹೋಯ್ತಲ್ಲ" ಎಂದರು.

"ಏನು ಸರಿಹೋಯ್ತು? ಊರೆಲ್ಲ ನನ್ನನ್ನ ಅರೆಗುರುಡಿ ಅಂದ್ಕೊಂಡಿದೆ. ನೀವೂ ಅಂದ್ಕೊಂಡಿದ್ರಿ. ಹೌದೋ ಅಲ್ವೋ?"

ಅವರು ಪೇಪರ್ ಮಡಿಚಿ ಪಕ್ಕಕ್ಕಿಟ್ಟರು. "ನೀನೇ ಅಂದ್ಕೊಂಡೆಯಲ್ಲೇ" ಎಂದರು. "ನೀನೇ ಹಾಗಂದ ಮೇಲೆ ನಾನೇನು ಹೇಳಲಿ?"

ಅವರ ಜೊತೆ ಮಾತು ಬಿಟ್ಟಿದ್ದೇನೆ.

ಏಪ್ರಿಲ್ 9, ಮಂಗಳವಾರ

ತನಿಖೆಗೆ ಬಂದದ್ದು ಒಬ್ಬ ಹಿರಿಯ ಹೆಂಗಸು. ಬಿಳಿ ಕೂದಲು, ಬೂದು ಅಂಗಿ, ಕೈಯಲ್ಲಿ ಒಂದು ಚೀಲ, ಅಷ್ಟೇ. ಮ್ಯಾನೇಜರ್ ಬಾಗಿಲಿನಿಂದಲೇ ಬೆಣ್ಣೆ ಹಚ್ಚುತ್ತ ಕರೆದುಕೊಂಡು ಬಂದರು. ಹೂಂರಾಣಿ, ನಾನು, ಚೀಟಿಸಾಹೇಬ ಸಾಲಾಗಿ ನಿಂತಿದ್ದೆವು. ಆಕೆ ಒದ್ದೆ ಮರಳನ್ನು ದೀಪದ ಪೆಟ್ಟಿಗೆಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದರು.

"ಇವರೇ ಮೇಡಂ, ನಾನು ಹೇಳಿದ್ದೆನಲ್ಲ" ಎಂದರು ಮ್ಯಾನೇಜರ್, ನನ್ನ ಕಡೆ ಕೈ ತೋರಿಸಿ. "ಪಾಪ, ಸ್ವಲ್ಪ ತೊಂದರೆ ಆಗಿತ್ತು. ಈಗ ಎಲ್ಲ ಸರಿಯಾಗಿದೆ."

ಆಕೆ ನನ್ನ ಹತ್ತಿರ ಬಂದರು. ನಿಜವಾದ ಕನಿಕರದಿಂದ ಕೇಳಿದರು: "ಈಗ ಹೇಗಿದೆಯಮ್ಮ ಕಣ್ಣು?"

ಚೆನ್ನಾಗಿದೆ ಎಂದರೆ ಮುಗಿಯುತ್ತಿತ್ತು. ಮ್ಯಾನೇಜರ್ ಆಗಲೇ ನಗುತ್ತಿದ್ದರು. ಚೆನ್ನಾಗಿದೆ ಎನ್ನುವುದು ಸುಳ್ಳೂ ಅಲ್ಲ. ಆದರೆ ನಾನು ಹಾಗೆಂದರೆ, ಮೊದಲು ಚೆನ್ನಾಗಿರಲಿಲ್ಲ ಎಂದೂ ಒಪ್ಪಿಕೊಂಡ ಹಾಗೆ.

"ಮೊದಲು ಹೇಗಿತ್ತೋ ಹಾಗೇ ಇದೆ" ಎಂದೆ.

ಆಕೆಗೆ ಕೇಳಿಸಲಿಲ್ಲವೇನೋ, ಕಿವಿ ಹತ್ತಿರ ತಂದರು. ನನ್ನ ದನಿ ಅಷ್ಟು ಸಣ್ಣಗೆ ಬಂದಿತ್ತು. ಮತ್ತೆ ಹೇಳಿದೆ. "ನನ್ನ ಕಣ್ಣು ಕೆಟ್ಟಿರಲಿಲ್ಲ. ಜನವರಿಯಿಂದ ಮಾರ್ಚ್ ಇಪ್ಪತ್ತಾರರ ತನಕ ಈ ಯಂತ್ರ ಅರ್ಧ ಗ್ರಾಂ ಹಾಕ್ತಿರಲಿಲ್ಲ. ಹಾಕಿದೆ ಅಂತ ಚೀಟಿ ಕೊಡ್ತಿತ್ತು."

ಮ್ಯಾನೇಜರ ನಗು ಮುಖದ ಮೇಲೇ ಉಳಿದುಬಿಟ್ಟಿತು, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ. "ಅವರು ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡು..." ಎಂದರು.

ಆಗ ಚೀಟಿಸಾಹೇಬ ಮುಂದೆ ಬಂದ. "ಅವರು ಹೇಳಿದ್ದು ನಿಜ ಮೇಡಂ. ನಾನೇ ಸರಿ ಮಾಡಿದ್ದು" ಎಂದ. ಕಿವಿ ಕೆಂಪಾಗಿ, ತೊದಲುತ್ತ, ಮೊದಲನೇ ಸಾಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಆಕೆಗೆ ಅರ್ಥವಾಯಿತೋ ಇಲ್ಲವೋ. ಆದರೆ ಹಳೆಯ ಪ್ರೋಗ್ರಾಂ ಹಾಕಿ ತೋರಿಸು ಎಂದರು. ತೋರಿಸಿದ. ಹಳದಿ ನಾಲ್ಕು, ನೀಲಿ ಒಂದು, ಕೆಂಪು ಅರ್ಧ. ತೊಟ್ಟಿಯಿಂದ ಪಾಚಿ ಬಂತು, ಪಕ್ಕದಲ್ಲಿ ಚೀಟಿ ಬಂತು. ಆಕೆ ಎರಡನ್ನೂ ಹಿಡಿದುಕೊಂಡು ಮ್ಯಾನೇಜರನ್ನು ನೋಡಿದ ನೋಟವನ್ನು, ಆಗುವಂತಿದ್ದರೆ, ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ.

"ಇನ್ನು ನಮ್ಮ ಬಟ್ಟೆಗೆ ಇವರೊಬ್ಬರ ಸಹಿ ಸಾಕು" ಎಂದರು. "ಬೇರೆಯವರದು ಬೇಡ."

ಮನೆಗೆ ಬಂದು ಹೇಳಿದರೆ ಮಗಳು ಮೊದಲು ಕೇಳಿದ್ದು, "ಎಷ್ಟು ಜೋರಾಗಿ ಕೂಗಿದೆ?" ಕೂಗಲಿಲ್ಲ ಎಂದರೆ ನಂಬುತ್ತಲೇ ಇಲ್ಲ.

ಏಪ್ರಿಲ್ 10, ಬುಧವಾರ

ಮ್ಯಾನೇಜರ್ ಮಾತಾಡಿಸಲಿಲ್ಲ. ನೆಮ್ಮದಿ. ಚೀಟಿಸಾಹೇಬನಿಗೆ ಅವರು ಏನಾದರೂ ತೊಂದರೆ ಕೊಟ್ಟರೆ ಈ ಸಲ ನಿಜವಾಗಿಯೂ ಗಾಜು ಒಡೆಯುತ್ತೇನೆ. ಅವನಿಗೂ ಹಾಗೆಂದೇ ಹೇಳಿದ್ದೇನೆ.

ಏಪ್ರಿಲ್ 16, ಮಂಗಳವಾರ

ಇವತ್ತು ನನ್ನದೊಂದೇ ಸಹಿಯಲ್ಲಿ ಮೊದಲ ಬಣ್ಣ. ತುಕ್ಕು ಹಿಡಿದ ಕಬ್ಬಿಣದ ಕೆಂಪು, ಅದರೊಳಗೆ ಎಲ್ಲೋ ಒಂದಿಷ್ಟು ನೇರಳೆ. ಒಂದೂವರೆ ಗ್ರಾಂ ನೀಲಿ. ತೊಟ್ಟಿಯಿಂದ ತೆಗೆದು ಒಣಗಿಸಿ ತಂದುಕೊಟ್ಟರು. ಮ್ಯಾನೇಜರ್ ಬಾಗಿಲ ಹತ್ತಿರ ನಿಂತು, "ನಿಮ್ಮ ಸಹಿಗೇ ಕಾಯ್ತಿದ್ದಾರೆ, ಬೇಗ" ಎಂದರು. ಸಹಿ ಬೇಕಾದಾಗ ಎಷ್ಟು ನಾಜೂಕು ನೋಡಿ ಈ ಜನಕ್ಕೆ. ಬೇಕಾಗದಿದ್ದಾಗ ಕುರುಡಿ. ನಾನು ಬಾಗಿಲು ಹಾಕಿ ಎಂದೆ. ಹಾಕಿದರು.

ಬಟ್ಟೆಯನ್ನು ದೀಪದ ಕೆಳಗಿಟ್ಟೆ. ಗಿರಾಕಿಯ ತುಂಡನ್ನು ಪಕ್ಕದಲ್ಲಿಟ್ಟೆ. ಪೆನ್ನು ತೆಗೆದೆ.

"ಮೇಡಂ" ಎಂದಳು ಹೂಂರಾಣಿ.

"ಏನು?"

"ನನ್ನನ್ನ ಯಾಕೆ ಕೇಳ್ತೀರಿ? ನೀವಲ್ವಾ ಹೇಳಬೇಕಾದವರು?"

"ನಾನು ಏನು ಕೇಳಿದೆ?"

"ಸರಿ ತಾನೇ, ಸರಿ ತಾನೇ ಅಂತ. ಆಗಿಂದ ಕೇಳ್ತಾನೇ ಇದ್ದೀರಿ."

ಅವಳ ಮೇಲೆ ಕೂಗಿದೆ. ಹೊರಗೆ ಹೋಗು ಎಂದೆ. ಕೆಲಸ ಕಲಿಯೋ ಯೋಗ್ಯತೆಯಿಲ್ಲ, ಮಾತು ಮಾತ್ರ ಕಲಿತಿದ್ದೀಯ ಎಂದೆ. ಅವಳು ಹೋದಳು. ನಾನು ಯಾರನ್ನೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

ಒಬ್ಬಳೇ ಕೂತು ನೋಡಿದೆ. ದೀಪ ಆರಿಸಿ ಕಿಟಕಿಯ ಬೆಳಕಿನಲ್ಲಿ ನೋಡಿದೆ, ಮತ್ತೆ ದೀಪ ಹಾಕಿ ನೋಡಿದೆ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಮ್ಯಾನೇಜರ್ ಹೊರಗೆ ಬಾಗಿಲು ತಟ್ಟುತ್ತಿದ್ದರು. ತಟ್ಟಲಿ, ಅವರು ತಟ್ಟಬೇಕಾದದ್ದು ಇನ್ನೂ ಬಹಳ ಇದೆ.

ಬಣ್ಣ ಮೊದಲ ನೋಟಕ್ಕೇ ಸರಿಯಾಗಿತ್ತು. ನಾನು ಸಹಿ ಹಾಕುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು.